ಸುತ್ತಿದ ಹಾಯಿ

ಎಣಿಸಬಾರದು ಎಂದುಕೊಂಡೇ ಎರಾಸ್ಮೊ ಮೆಟ್ಟಿಲು ಎಣಿಸುತ್ತಿದ್ದ. ನಲವತ್ತೊಂದು, ನಲವತ್ತೆರಡು. ಬಗಲಲ್ಲಿ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಚಿತ್ರ. ಅದರ ಚೌಕಟ್ಟಿನ ಮೂಲೆ ಹೆಜ್ಜೆಗೊಮ್ಮೆ ಪಕ್ಕೆಲುಬಿಗೆ ಚುಚ್ಚುತ್ತಿತ್ತು, ಗುಂಪಿನಲ್ಲಿ ಯಾರೋ ಮೊಣಕೈಯಿಂದ ತಿವಿದು ‘ಹೇಳಯ್ಯ, ಹೇಳು’ ಅನ್ನುವ ಹಾಗೆ. ಎರಡು ಮೆಟ್ಟಿಲು ಹಿಂದೆ ತಂಗಿ ತೊಮಾಸೀನಾಳ ಮರದ ಚಪ್ಪಲಿಯ ಸದ್ದು. ಅವನು ನಿಂತರೆ ಅದೂ ನಿಲ್ಲುತ್ತಿತ್ತು. ಬೆಳಿಗ್ಗೆ ರೊಟ್ಟಿಯನ್ನು ಹಾಲಿಗೆ ಅದ್ದುತ್ತ, ನಾನೂ ಬರ್ತೀನಿ ಅಂದಿದ್ದಳು, ಕೇಳುವ ಧಾಟಿಯಲ್ಲಲ್ಲ, ಮಧ್ಯಾಹ್ನ ಮೋಡ ಆಗಬಹುದು ಅನ್ನುವ ಧಾಟಿಯಲ್ಲಿ. ಬೇಡ ಅನ್ನಲು ಅವನು ಕಾರಣ ಹುಡುಕಿದ. ಬಿಸಿಲು ಜೋರು ಅನ್ನಬಹುದಿತ್ತು. ಮೇ ತಿಂಗಳ ಮೊದಲ ಶನಿವಾರದ ಬಿಸಿಲು ಅಷ್ಟೇನೂ ಇರಲಿಲ್ಲ. ಫೆಬ್ರವರಿಯಿಂದ ಕಪ್ಪು ಉಟ್ಟಿರುವ ಹೆಂಗಸು, ತನ್ನ ಗಂಡನನ್ನು ಸಮುದ್ರಕ್ಕೆ ಕೊಟ್ಟು ಬಂದ ಹಡಗಿನ ಹರಕೆಯ ಚಿತ್ರ ಇಗರ್ಜಿಯ ಗೋಡೆಗೆ ಏರುವುದನ್ನು ನೋಡುತ್ತೇನೆ ಅಂದರೆ, ಅದನ್ನು ಬರೆದ ಅಣ್ಣ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಬೇಕು. ಹೂಂ ಅಂದ. ಅಂದು, ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ದುಪ್ಪಟಿ ಹುಡುಕಲು ಎದ್ದ.

ಹರಕೆ ಕಪ್ತಾನ ರಜೇತೊನದು. ಬಾರ್ಸಿಲೋನಾದಿಂದ ಊರಿಗೆ ಮರಳುವಾಗ ಲಿಯೋನ್ ಕೊಲ್ಲಿಯಲ್ಲಿ ಬಿರುಗಾಳಿ ಅವನ ಎರಡು ಕಂಬದ ಹಡಗನ್ನು ಅಲೆಗೆ ಅಡ್ಡ ಕೆಡವಿ, ಚುಕ್ಕಾಣಿ ಹಿಡಿದಿದ್ದ ಲುಕೀನ್ ಒಬ್ಬನನ್ನು ಎತ್ತಿಕೊಂಡು, ಉಳಿದ ಹನ್ನೊಂದು ಜನರನ್ನು ಬಿಟ್ಟುಕೊಟ್ಟಿತ್ತು. ಬದುಕಿ ಬಂದವರು ಬೆಟ್ಟದ ಮೇಲಿನ ಇಗರ್ಜಿಯ ಮಾತೆಗೆ ಒಂದು ಚಿತ್ರ ಒಪ್ಪಿಸಲೇಬೇಕು. ಈ ಕಾಲಮೋರಾ ಊರಿನ ಕಪ್ತಾನರಲ್ಲಿ ತೆರಿಗೆ ತಪ್ಪಿಸಿದವರಿದ್ದಾರೆ, ಹೆಂಡತಿಗೆ ಮಾತು ತಪ್ಪಿದವರಂತೂ ಬಂದರಿಗೊಬ್ಬರಿದ್ದಾರೆ, ಹರಕೆ ತಪ್ಪಿಸಿದವರಿಲ್ಲ. ಬೇರೆ ಊರುಗಳಲ್ಲಿ ಜನ ಇಂಥ ಚಿತ್ರದಲ್ಲಿ ಮೊದಲು ಮಾತೆಯ ಮುಖ ನೋಡುತ್ತಾರಂತೆ. ಇಲ್ಲಿಯವರು ಮೊದಲು ಹಗ್ಗ ನೋಡುತ್ತಾರೆ. ಯಾವ ಹಾಯಿ ಬಿಚ್ಚಿದೆ, ಯಾವುದು ಸುತ್ತಿದೆ, ಗಾಳಿ ಯಾವ ಕಡೆಯದು, ಅಲೆ ಅದಕ್ಕೆ ಒಪ್ಪುತ್ತದೋ. ಇದೆಲ್ಲ ಮುಗಿದ ಮೇಲೆ, ಮೂಲೆಯ ಮೋಡದಲ್ಲಿ ಕೂತ ಮಾತೆಗೆ ಟೋಪಿ ಎತ್ತುತ್ತಾರೆ. ಎರಾಸ್ಮೊಗಿಂತ ಮೊದಲು ಇದ್ದ ಚಿತ್ರಗಾರ ಒಮ್ಮೆ ಬಾವುಟವನ್ನು ಗಾಳಿಗೆ ಎದುರಾಗಿ ಹಾರಿಸಿಬಿಟ್ಟಿದ್ದ. ಇಗರ್ಜಿಯ ಹೊರಗಿನ ಕಲ್ಲುಬೆಂಚಿನಲ್ಲಿ ಕೂತು ಚಿತ್ರಗಳಿಗೆ ತೀರ್ಪು ಕೊಡುವ ಮುದುಕರು ಗಂಭೀರವಾಗಿ, ಮಾತೆ ಈ ಸಲ ಎರಡು ಪವಾಡ ಮಾಡಿದ್ದಾಳೆ, ಹಡಗನ್ನೂ ಉಳಿಸಿದಳು, ಬಾವುಟವನ್ನೂ ಹಿಂದಕ್ಕೆ ಊದಿದಳು ಅಂದರು. ಆ ಮನುಷ್ಯ ಬೇಸಿಗೆಗೆ ಮುಂಚೆ ಊರು ಬಿಟ್ಟ.

ಐವತ್ತೇಳನೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ತೊಟ್ಟಿ. ನಾಲ್ಕು ಹೆಂಗಸರು ಬಗ್ಗಿದ್ದರು. ತೊಮಾಸೀನಾ ನಮಸ್ಕಾರ ಅಂದಳು. ಒಗೆತದ ಸದ್ದು ಒಮ್ಮೆಗೇ ಜೋರಾಯಿತು, ಶನಿವಾರ ಇಷ್ಟೊಂದು ಕೊಳೆ ಎಲ್ಲಿಂದ ಬಂತೋ. ಯಾರೂ ಬೈಯಲಿಲ್ಲ, ಯಾರೂ ತಿರುಗಿಕೊಳ್ಳಲಿಲ್ಲ, ಬರೀ ಕೇಳಿಸಲಿಲ್ಲ. ಮೂರು ತಿಂಗಳಿಂದ ಹೀಗೇ. ಹನ್ನೊಂದು ಜನರನ್ನು ಮುಳುಗಿಸಲು ಹೊರಟಿದ್ದವನ ಹೆಂಡತಿ ಎಂದು ಅರ್ಧ ಊರು ಹೇಳುತ್ತಿತ್ತು. ಉಳಿದರ್ಧ ಹೇಳದೆ ಕಾಯುತ್ತಿತ್ತು, ಏಕೆಂದರೆ ಲುಕೀನ್ ಹದಿನೆಂಟು ವರ್ಷ ಚುಕ್ಕಾಣಿ ಹಿಡಿದವನು, ಅಂಥವನು ತಪ್ಪು ತಿರುಗಿಸುವುದೆಂದರೇನು. ಕಪ್ತಾನ ಹೇಳಿದ್ದು ಒಂದೇ ಮಾತು, ‘ಹುಡುಗ ಗಲಿಬಿಲಿಯಾದ, ದೇವರು ಕ್ಷಮಿಸಲಿ.’ ನಾವಿಕರು, ಕತ್ತಲಿತ್ತು, ನಾವು ಕೆಳಗಿದ್ದೆವು, ಅನ್ನುತ್ತಿದ್ದರು. ಅವರಿಗೆ ಮುಂದಿನ ಯಾನವೂ ರಜೇತೊನ ಹಡಗಿನಲ್ಲೇ. ಬೆಂಚಿನ ಮುದುಕರು ತೀರ್ಪು ಕೊಟ್ಟಿರಲಿಲ್ಲ. ಚಿತ್ರ ಬರಲಿ ಅಂದಿದ್ದರು. ಈ ಊರಿನಲ್ಲಿ ನ್ಯಾಯಾಲಯ ಅಂತ ಇದ್ದರೆ ಅದು ಆ ಗೋಡೆ, ಸಾಕ್ಷಿ ಅಂತ ಇದ್ದರೆ ಇದು, ದುಪ್ಪಟಿಯೊಳಗೆ.

ಸಾಕ್ಷಿ ತಯಾರಾದದ್ದು ರಜೇತೊನ ದಿವಾನಖಾನೆಯಲ್ಲಿ. ಎರಾಸ್ಮೊನ ಕೆಲಸದ ಕ್ರಮವೇ ಹಾಗೆ: ಕಾಗದ ತೆಗೆಯುವ ಮೊದಲು ಒಂದು ಮರದ ಹಲಗೆ ಮುಂದಿಡುತ್ತಾನೆ, ಅದರಲ್ಲಿ ಎರಡು ಕಡ್ಡಿ ನಿಲ್ಲಿಸಿ, ಬಟ್ಟೆಯ ಚೂರುಗಳನ್ನು ಹಾಯಿಯ ಹಾಗೆ ಸಿಕ್ಕಿಸಿ, ಹಿಂದೆ ಗುಂಡಿಯೊಂದನ್ನು ಚುಕ್ಕಾಣಿಯ ಚಕ್ರ ಮಾಡಿ, ಆ ಗಳಿಗೆ ಹೇಗಿತ್ತೋ ಹಾಗೆ ಇಡಿ ಕಪ್ತಾನರೇ ಅನ್ನುತ್ತಾನೆ. ಬಾಯಿ ಮರೆತದ್ದನ್ನು ಕೈ ಮರೆಯುವುದಿಲ್ಲ. ರಜೇತೊ ದೊಡ್ಡ ಮೀಸೆಯ, ಗಂಟಲು ಸರಿಮಾಡಿಕೊಳ್ಳದೆ ಒಂದು ವಾಕ್ಯ ಆಡದ ಮನುಷ್ಯ. ಗಾಳಿ ಎಡದ ಹಿಂಬದಿಯಿಂದ, ಹ್ರಂ, ಮುಂದಿನ ಕಂಬದಲ್ಲಿ ಸಣ್ಣದೊಂದೇ, ಹ್ರಂ, ಎನ್ನುತ್ತ ಬೆರಳು ಆಡಿಸತೊಡಗಿದ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಅವನು ದಿವಾನಖಾನೆಯಲ್ಲಿರಲಿಲ್ಲ. ಹಿಂದಿನ ಕಂಬದ ಮೇಲ್ಹಾಯಿಯನ್ನು ಎಳೆದು ಪೂರ್ತಿ ಹರಡಿದ, ಅದರ ಒಂದು ಸುಕ್ಕನ್ನೂ ಉಗುರಿನಿಂದ ತೀಡಿದ, ಚುಕ್ಕಾಣಿಯ ಗುಂಡಿಯನ್ನು ಬಲಕ್ಕೆ ತುದಿಮುಟ್ಟ ತಿರುಗಿಸಿದ, ಆಗ ಆ ಅಲೆ ಬಂತು ಅಂದ. ಅಂದವನು ಹಲಗೆ ನೋಡಿದ. ಎರಾಸ್ಮೊನೂ ನೋಡಿದ. ಅಷ್ಟು ಗಾಳಿಯಲ್ಲಿ ಹಿಂದಿನ ಮೇಲ್ಹಾಯಿ ಬಿಚ್ಚಿಟ್ಟ ಹಡಗಿನ ಬೆನ್ನನ್ನು ಗಾಳಿ ಹಿಡಿದು ಮೂತಿಯನ್ನು ಗಿರ್ರನೆ ಎಡಕ್ಕೆ ತಿರುಗಿಸುತ್ತದೆ. ಚುಕ್ಕಾಣಿಯವನು ಬಲಕ್ಕೆ ಎಷ್ಟೇ ತಿರುಗಿಸಿದರೂ ತಡೆಯುವುದಿಲ್ಲ. ಲುಕೀನ್ ಸರಿಯಾಗಿಯೇ ತಿರುಗಿಸಿದ್ದ. ಆ ಹಾಯಿ ಬಿಚ್ಚಿಟ್ಟಿದ್ದದ್ದು ಯಾಕೆಂಬುದೂ ಊರಿಗೆ ಗೊತ್ತಿದ್ದದ್ದೇ: ಅದೇ ದಿನ ಬಾರ್ಸಿಲೋನಾ ಬಿಟ್ಟ ಮತ್ತೊಬ್ಬ ಕಪ್ತಾನನಿಗಿಂತ ಮೊದಲು ಊರು ಮುಟ್ಟುತ್ತೇನೆ ಎಂದು ರಜೇತೊ ಮೀಸೆಯ ಆಣೆ ಇಟ್ಟಿದ್ದ. ಒಳಗಿನಿಂದ ಹೆಂಡತಿ ದ್ರಾಕ್ಷಾರಸದ ಬಟ್ಟಲು ತಂದಿಟ್ಟು ಹೋದಳು. ಅವಳ ಲಂಗದ ಸದ್ದು ದೂರವಾಯಿತು. ಆಮೇಲೆ ಕಪ್ತಾನ ಹೆಬ್ಬೆರಳು ತೋರುಬೆರಳಿನಲ್ಲಿ ಆ ಬಟ್ಟೆಯ ಚೂರನ್ನು ಮೆಲ್ಲಗೆ ಸುತ್ತಿದ, ಮಗುವಿನ ಕಾಲುಚೀಲ ಸುತ್ತುವ ಹಾಗೆ. ‘ಇದು ಸುತ್ತಿತ್ತು,’ ಅಂದ. ‘ಬರ್ಕೊಳ್ಳಿ. ನೀವೂ ಸಮುದ್ರ ಕಂಡೋರು ಮಾಸ್ತ್ರೊ, ನಿಮಗೆ ನಾನು ಬಿಡಿಸಿ ಹೇಳ್ಬೇಕಾ?’ ಹಾಯಿ ಸುತ್ತಿದವನು ಹಾಯಾಗಿ ಕುರ್ಚಿಗೆ ಒರಗಿದ.

ನೀವು. ಕಸುಬಿನ ಗುರುವನ್ನು ಕರೆಯುವ ಹಾಗೆ, ಮಾಸ್ತ್ರೊ. ಸಮುದ್ರ ಕಂಡೋರು. ಮೂರು ಮಾತಿಗೆ ಎರಾಸ್ಮೊ ಕರಗಿದ್ದು ಹೇಗೆಂದು ಅವನಿಗೇ ಆಮೇಲೆ ಹೇಸಿಗೆಯಾಯಿತು, ಆದರೆ ಆ ಗಳಿಗೆಯಲ್ಲಿ ಎದೆಯೊಳಗೆ ಏನೋ ಬೆಚ್ಚಗೆ ಹರಡಿದ್ದು ಸುಳ್ಳಲ್ಲ. ನಾವಿಕರ ಪೋಷಕ ಸಂತನ ಹೆಸರು ಇಟ್ಟುಕೊಂಡು ಹುಟ್ಟಿದವನು ಸಮುದ್ರದ ಮೇಲೆ ಕಳೆದದ್ದು ಒಟ್ಟು ಆರು ದಿನ. ಹದಿನಾರನೆಯ ವಯಸ್ಸಿನಲ್ಲಿ ಹಡಗು ಹತ್ತಿದ, ಬಂದರು ದಾಟುವ ಮೊದಲೇ ಬಾಲ್ದಿಯೊಳಗೆ ತಲೆ ಹಾಕಿದ, ಲಿವೋರ್ನೊದಲ್ಲಿ ಅವನನ್ನು ಇಳಿಸಿ, ಈ ಸರಕು ಕೆಟ್ಟಿದೆ ಎಂಬ ಒಕ್ಕಣೆಯ ಕಾಗದದೊಂದಿಗೆ ನೆಲದ ದಾರಿಯಲ್ಲಿ ಊರಿಗೆ ಕಳಿಸಿದರು. ಆ ಆರು ದಿನ ಬಾಲ್ದಿ ಹಿಡಿದದ್ದು, ತೊಳೆದು ತಂದು ಮತ್ತೆ ಹಿಡಿದದ್ದು ಲುಕೀನ್. ನಡುರಾತ್ರಿ ಹಣೆ ಒರೆಸಿದ್ದೂ ಲುಕೀನ್. ಹಿಂದಿರುಗಿ ಬಂದ ಮೇಲೆ ಹೆಂಡದಂಗಡಿಯ ಮೇಜಿನ ಮೇಲೆ ಹತ್ತಿ, ಬಾಲ್ದಿಯೊಳಗಿನಿಂದ ಬರುವ ದನಿಯಲ್ಲಿ, ‘ಅಮ್ಮಾ, ನೆಲ ಎಲ್ಲಿ ಹೋಯ್ತೂ, ಯಾರಾದ್ರೂ ಕದ್ರಾ’ ಎಂದು ಅಭಿನಯಿಸಿದ್ದೂ ಅವನೇ. ಎಂಥ ಅನುಕರಣೆ ಅದು. ಎರಾಸ್ಮೊನ ಅಮ್ಮನೇ ನಕ್ಕಿದ್ದಳು. ಅಂದಿನಿಂದ ಊರಿಗೆಲ್ಲ ಎರಾಸ್ಮೊ ಬಾಲ್ದಿ. ಹೊಸ ಮನೆಗಳ ಮುಖಗೋಡೆಯ ಮೇಲೆ ಇಲ್ಲದ ಕಿಟಕಿ ಬರೆದು ಹೊಟ್ಟೆ ಹೊರೆಯುತ್ತಿದ್ದಾಗ, ನೆರಳು ಸಮೇತ ಎಷ್ಟು ನಿಜವೆಂಬಂತೆ ಬರೆದರೂ, ಕೆಳಗಿನಿಂದ ಯಾರಾದರೂ, ‘ಬಾಲ್ದೀ, ಆ ಕಿಟಕಿಯಿಂದ ಕಕ್ಕಬೇಡಪ್ಪ, ಕೆಳಗೆ ಜನ ಇದ್ದೀವಿ’ ಎನ್ನುತ್ತಿದ್ದರು. ಲುಕೀನ್ ತಂಗಿಯನ್ನು ಮದುವೆಯಾದ. ಊಟಕ್ಕೆ ಬಂದಾಗಲೆಲ್ಲ ಪಾದ್ರಿಯ ಸೀನು, ರಜೇತೊನ ಹ್ರಂ, ಕತ್ತೆ, ಕೊನೆಗೆ ತಪ್ಪದೆ ಬಾಲ್ದಿ. ತೊಮಾಸೀನಾ ನಗುತ್ತ ಅಣ್ಣನ ತೋಳು ಹಿಡಿದುಕೊಳ್ಳುತ್ತಿದ್ದಳು. ಪ್ರೀತಿಯೇ ಅದು, ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು. ಹಾಯಿಯನ್ನು ಸುತ್ತಿದಂತೆ ಬರೆದ ದಿನ ಕುಂಚದ ತುದಿಯಲ್ಲಿ ಒಂದು ಸಣ್ಣ ಖುಷಿ ಇತ್ತು ಎಂಬುದನ್ನು ಎರಾಸ್ಮೊ ಈಗ ಎಪ್ಪತ್ತನೆಯ ಮೆಟ್ಟಿಲಲ್ಲಿ ಮೊದಲ ಸಲ ತನಗೆ ತಾನೇ ಒಪ್ಪಿಕೊಂಡ. ಒಪ್ಪಿಕೊಂಡು, ಇಲ್ಲ, ಹಾಗೇನಿರಲಿಲ್ಲ, ಅಂದುಕೊಂಡ.

ಅಲ್ಲಿ ಅವಳು ನಿಂತಳು. ಕೆಳಗೆ ಬಂದರು ಒಂದು ತಟ್ಟೆಯಷ್ಟಾಗಿತ್ತು. ಅವಳಿಗೆ ಏದುಸಿರಿರಲಿಲ್ಲ.

‘ಅಣ್ಣ, ಹೇಗಿತ್ತೋ ಹಾಗೇ ಬರ್ದಿದ್ದೀಯ ಅಲ್ವಾ?’

‘ಕಪ್ತಾನರು ಇಟ್ಟು ತೋರಿಸಿದ ಹಾಗೆ ಬರ್ದಿದ್ದೀನಿ.’

ಹರಕೆಯ ಚಿತ್ರಕ್ಕೆ ಎಂಥ ಹಾರಿಕೆಯ ಉತ್ತರ. ಅವಳು ತಲೆಯಾಡಿಸಿದಳು, ಅದು ಸಾಕೆಂಬಂತೆ. ಹಾಗಾದರೆ ಸರಿ, ಅವರೇನೇ ಮಾತಾಡಲಿ, ಹಾಯಿಯ ವಿಷಯದಲ್ಲಿ ಯಾವ ಕಪ್ತಾನನೂ ಸುಳ್ಳು ಹೇಳಲ್ಲ, ನಮ್ಮೋರು ಯಾವಾಗಲೂ ಅನ್ನೋರು, ಅಂದಳು. ನಮ್ಮೋರು ಅಂದದ್ದು ಲುಕೀನನನ್ನು. ಎರಾಸ್ಮೊ ಆ ಗಳಿಗೆಯಲ್ಲಿ ಹೇಳಿಬಿಡಬಹುದಿತ್ತು. ಮನೆಗೆ ತಿರುಗಿ, ಒಂದು ಗಂಟೆಯ ಕೆಲಸ, ಸುತ್ತಿದ ಹಾಯಿಯ ಮೇಲೆ ಬಿಳಿ ಬಣ್ಣದ ನಾಲ್ಕು ಎಳೆತ. ಬದಲಿಗೆ ಅವನು ತಾನು ಮಾಡಿಟ್ಟಿದ್ದ ಪುಣ್ಯವನ್ನು ನೆನೆದುಕೊಂಡ. ಯಾರಿಗೂ ಹೇಳದೆ ಲುಕೀನನಿಗೊಂದು ಕಾಣಿಕೆ ಇಟ್ಟಿದ್ದ ಅವನು. ಕಪ್ತಾನ ಹಡಗಿನ ಹಿಂಬದಿಯನ್ನು ಅಲೆಯಲ್ಲಿ ಮುಚ್ಚಿಬಿಡಿ ಅಂದಿದ್ದರೂ ಕೇಳದೆ, ಅಲೆಯನ್ನು ಒಂದಂಗುಲ ಇಳಿಸಿ, ಅಕ್ಕಿಕಾಳಿನಷ್ಟು ದೊಡ್ಡ ಮನುಷ್ಯನನ್ನು ಚಕ್ರದ ಹಿಂದೆ ನಿಲ್ಲಿಸಿದ್ದ. ಎರಡೂ ಕೈ ಚಕ್ರದ ಮೇಲೆ. ಚಕ್ರ ಬಲಕ್ಕೆ ತುದಿಮುಟ್ಟ, ಹಲಗೆಯ ಮೇಲೆ ಕಂಡ ಹಾಗೇ. ಕೆಂಪು ಟೋಪಿ ಕೂಡ. ಚಕ್ರ ಬಿಟ್ಟ, ಗಲಿಬಿಲಿಯಾದ ಎಂದು ಇನ್ನು ಯಾರು ಹೇಳುತ್ತಾರೆ? ಕೊನೆಯವರೆಗೂ ಹಿಡಿದೇ ಇದ್ದ ಎಂದು ಗೋಡೆ ಹೇಳುತ್ತದೆ. ಅರ್ಧ ನಿಜ ಕಪ್ತಾನನಿಗೆ, ಅರ್ಧ ನಿಜ ಭಾವನಿಗೆ; ಒಬ್ಬ ಬಡ ಚಿತ್ರಗಾರನಿಂದ ಇದಕ್ಕಿಂತ ಹೆಚ್ಚು ಯಾರು ಕೇಳಬೇಕು. ಉಳಿದ ಮೆಟ್ಟಿಲುಗಳನ್ನು ಅವನು ಸ್ವಲ್ಪ ಹಗುರಾಗಿಯೇ ಹತ್ತಿದ.

ಇಗರ್ಜಿಯೊಳಗೆ ಮೇಣ, ಸುಣ್ಣ, ಮುದುಕರ ತಂಬಾಕಿನ ವಾಸನೆ. ಹೊರಗಿನ ಕಲ್ಲುಬೆಂಚಿನ ಐವರೂ ಇವತ್ತು ಒಳಗೆ ಬಂದು ಸಾಲಾಗಿ ಕೂತಿದ್ದರು, ಟೋಪಿ ಮೊಣಕಾಲ ಮೇಲೆ. ಗೋಡೆಯಲ್ಲಿ ನೂರಾರು ಹಡಗುಗಳು ನೂರಾರು ಬಿರುಗಾಳಿಯಲ್ಲಿ ಮುಳುಗದೆ ನಿಂತಿದ್ದವು. ರಜೇತೊ ಹಬ್ಬದ ಕೋಟು ತೊಟ್ಟು ಬಂದಿದ್ದ. ಎರಾಸ್ಮೊನನ್ನು ಕಂಡು ಎಲ್ಲರ ಎದುರಿಗೇ, ಬನ್ನಿ ಮಾಸ್ತ್ರೊ, ಅಂದ. ತೊಮಾಸೀನಾಳನ್ನು ಕಂಡು ಹ್ರಂ ಅಂದ. ಪಾದ್ರಿ ಪ್ರೊತಾಸಿಯೊ ಪ್ರಾರ್ಥನೆಯ ನಡುವೆ ಎರಡು ಸಲ ಸೀನಿದ, ಮೊಳೆ ಹೊಡೆಸಿದ. ಎರಾಸ್ಮೊ ದುಪ್ಪಟಿ ಬಿಚ್ಚಿ ಚಿತ್ರವನ್ನು ತೂಗುಹಾಕಿದ. ಚಿತ್ರ ಚೆನ್ನಾಗಿತ್ತು. ಅವನು ಬರೆದದ್ದರಲ್ಲೆಲ್ಲ ಚೆನ್ನಾಗಿತ್ತು. ಹಸಿರು ಕಪ್ಪಿನ ಆ ಅಲೆಯನ್ನು ನೋಡಿದರೆ ಅವನಿಗೇ ಬಾಲ್ದಿ ನೆನಪಾಗುತ್ತಿತ್ತು.

ಐವರಲ್ಲಿ ಹಿರಿಯನಾದ ಗೈತಾನ್ ಎದ್ದ. ಅವನು ಮೊದಲು ಹಡಗುಗಳನ್ನು ಬಂದರಿನೊಳಗೆ ನಡೆಸಿ ತರುವ ಮಾರ್ಗದರ್ಶಕನಾಗಿದ್ದವನು, ಈಗ ಎಂಬತ್ತರ ಹತ್ತಿರ. ಅವನು ಓದಿದ ಮೇಲೆ ಆ ಚಿತ್ರವನ್ನು ಮತ್ತೊಬ್ಬ ಓದುವುದಿಲ್ಲ. ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆರಳನ್ನು ಮುಟ್ಟಿಯೂ ಮುಟ್ಟದಂತೆ ಹಗ್ಗಹಗ್ಗಕ್ಕೂ ಒಯ್ದ. ಮುಂದಿನ ಕಂಬಕ್ಕೆ ಸರಿ ಅಂದ. ಗಾಳಿಗೆ ಸರಿ ಅಂದ. ಹಿಂದಿನ ಕಂಬದಲ್ಲಿ ಬೆರಳು ಸ್ವಲ್ಪ ನಿಂತಿತು, ಸುತ್ತಿದ್ದಾರೆ, ಸುತ್ತಬೇಕಾದ್ದೇ, ಅಂದ. ಬೆಂಚಿನಿಂದ ಒಬ್ಬ, ಕಪ್ತಾನರೇ, ಪಂದ್ಯ ಕಟ್ಟಿದ್ದರೂ ಹಾಯಿ ಸುತ್ತಿದಿರಲ್ಲ, ದೊಡ್ಡ ಮನಸ್ಸು, ಅಂದ. ರಜೇತೊ ನೆಲ ನೋಡಿದ. ಗೈತಾನ್ ತಿರುಗಿ, ಒಂದೂ ಹಗ್ಗ ತಪ್ಪಿಲ್ಲ, ಇನ್ನು ಈತನನ್ನು ಯಾರಾದರೂ ಬಾಲ್ದಿ ಅಂದರೆ ನನ್ನ ಕೋಲು ಮಾತಾಡುತ್ತೆ, ಅಂದ. ಮುದುಕರು ನಕ್ಕರು. ಇಪ್ಪತ್ತೇಳು ವರ್ಷದಿಂದ ಎರಾಸ್ಮೊ ಕಾದಿದ್ದ ಮಾತು ಅದು. ಬಂದು ಕಿವಿಯ ಹತ್ತಿರ ಸುಳಿದು ಹೋಯಿತು, ಏಕೆಂದರೆ ಅಷ್ಟರಲ್ಲಿ ಮುದುಕ ಮತ್ತೆ ಬಗ್ಗಿದ್ದ, ಈ ಸಲ ಹಡಗಿನ ಹಿಂಬದಿಗೆ.

‘ಇದು ಲುಕೀನಾ?’

ತೊಮಾಸೀನಾ ಒಂದು ಹೆಜ್ಜೆ ಮುಂದೆ ಬಂದಳು. ಕೆಂಪು ಟೋಪಿ ಕಂಡಿತು ಅವಳಿಗೆ. ಎರಡೂ ಕೈಗಳು ಕಂಡವು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಏನೋ ಸಡಿಲವಾಯಿತು; ಅಣ್ಣನ ಕಡೆ ನೋಡಿದಳು, ಎಷ್ಟು ಕೃತಜ್ಞತೆಯಿಂದ ನೋಡಿದಳೆಂದರೆ ಎರಾಸ್ಮೊ ಮೇಣದಬತ್ತಿಗಳನ್ನು ಲೆಕ್ಕ ಹಾಕತೊಡಗಿದ.

‘ಚಕ್ರ ಬಲಕ್ಕಿದೆ,’ ಗೈತಾನ್ ಅಂದ. ಯಾರಿಗೂ ಅಲ್ಲ, ತನಗೆ ತಾನೇ. ‘ಪೂರ್ತಿ ಬಲಕ್ಕೆ.’ ಅವನ ಬೆರಳು ಚಕ್ರದಿಂದ ಹಿಂದಿನ ಕಂಬಕ್ಕೆ ಹೋಯಿತು, ಸುತ್ತಿದ ಹಾಯಿಗೆ, ಮತ್ತೆ ಚಕ್ರಕ್ಕೆ ಬಂತು. ಆಗ ಎರಾಸ್ಮೊಗೆ ತಾನು ಬರೆದದ್ದೇನೆಂದು ತಿಳಿಯಿತು. ಮುದುಕನಿಗಿಂತ ಒಂದು ಉಸಿರು ಮೊದಲು, ಅಷ್ಟೇ. ಬಿಚ್ಚಿದ ಹಾಯಿಗೆ ಆ ಚಕ್ರ ಸರಿ. ಸುತ್ತಿದ ಹಾಯಿಗೆ ಅದು ಹುಚ್ಚ ಮಾಡುವ ಕೆಲಸ; ಹಿಂದೆ ಹಾಯಿಯಿಲ್ಲದ ಹಡಗು ತಾನಾಗಿಯೇ ಬಲಕ್ಕೆ ಓಡುತ್ತದೆ, ಅದನ್ನು ಇನ್ನೂ ಬಲಕ್ಕೆ ತಿರುಗಿಸಿದವನು ಹಡಗನ್ನು ಕೈಯಾರೆ ಅಲೆಗೆ ಅಡ್ಡ ಹಾಕುತ್ತಾನೆ. ನಿನ್ನೆಯವರೆಗೆ ಊರಲ್ಲಿ ಇದ್ದದ್ದು ಒಬ್ಬ ಕಪ್ತಾನನ ಮಾತು, ನಂಬುವವರು ನಂಬಬಹುದಿತ್ತು, ಬಿಡುವವರು ಬಿಡಬಹುದಿತ್ತು. ಅಕ್ಕಿಕಾಳಿನಷ್ಟು ಮನುಷ್ಯನನ್ನು ಬರೆಯದೆ ಇದ್ದಿದ್ದರೆ ಇವತ್ತೂ ಹಾಗೇ ಇರುತ್ತಿತ್ತು. ಅವನು ಬರೆದಿದ್ದ. ಪ್ರತಿ ಬೆರಳನ್ನೂ ಬರೆದಿದ್ದ.

‘ಪಾಪ,’ ಗೈತಾನ್ ಅಂದ, ನಿಜವಾದ ಮರುಕದಿಂದ. ‘ಗಟ್ಟಿಯಾಗೇ ಹಿಡಿದಿದ್ದಾನೆ. ತಪ್ಪು ಕಡೆಗೆ ಹಿಡಿದಿದ್ದಾನೆ.’ ಬೆಂಚಿನ ಸಾಲಿನಲ್ಲಿ ನಾಲ್ಕು ತಲೆ ಒಂದಾದ ಮೇಲೊಂದು ಅಲ್ಲಾಡಿದವು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ರಜೇತೊ ಮೆಲ್ಲಗೆ, ಸತ್ತೋರ ಮಾತು ಬೇಡ ಬಿಡಿ ಗೈತಾನ್, ನಾನೆಂದೋ ಮರೆತಿದ್ದೀನಿ ಅಂದ. ಅದರಲ್ಲಿ ಎಷ್ಟು ದೊಡ್ಡತನವಿತ್ತೆಂದರೆ ಪಾದ್ರಿಯ ಕಣ್ಣು ಒದ್ದೆಯಾಯಿತು, ಅಥವಾ ಸೀನು ಬರುವುದರಲ್ಲಿತ್ತು. ತೊಮಾಸೀನಾ ಅಲ್ಲಾಡಲಿಲ್ಲ. ಅವಳಿಗೂ ಹಾಯಿ ಓದಲು ಬರುತ್ತಿತ್ತು, ಈ ಊರಿನ ಯಾವ ಹೆಂಗಸಿಗೆ ಬರುವುದಿಲ್ಲ. ಅವಳು ಹಾಯಿ ಓದಿದಳು, ಚಕ್ರ ಓದಿದಳು, ಮತ್ತೆ ಹಾಯಿ ಓದಿದಳು, ಕಾಗದದಲ್ಲಿ ತನ್ನ ಹೆಸರು ತಪ್ಪಾಗಿ ಬರೆದಿದೆಯೇನೋ ಎಂದು ನೋಡುವವಳ ಹಾಗೆ. ಲುಕೀನ್ ಹಾಗೆ ತಿರುಗಿಸುವವನಲ್ಲ ಎಂದು ಅವಳಿಗೆ ಗೊತ್ತು. ಹಾಗಾದರೆ ಹಾಯಿ ಹಾಗಿರಲಿಲ್ಲ. ಅದು ಅವಳ ಮುಖದ ಮೇಲೆ ನಿಧಾನವಾಗಿ ಏರುವುದನ್ನು ಎರಾಸ್ಮೊ ಕಂಡ. ಅವಳು ಕಪ್ತಾನನ ಕಡೆ ತಿರುಗಲಿಲ್ಲ. ಅಣ್ಣನ ಕಡೆ ತಿರುಗಿದಳು.

‘ಮೇಲ್ಹಾಯಿ ಬಿಚ್ಚಿತ್ತು,’ ಎರಾಸ್ಮೊ ಅಂದ.

ಅಂದದ್ದು ನಿಜ. ಬಾಯಿಂದಲೇ ಬಂತು, ಆದರೆ ಮೇಣದ ಹೊಗೆಯಷ್ಟು ತೆಳ್ಳಗೆ. ಪಕ್ಕದಲ್ಲಿದ್ದ ತಂಗಿಗೆ ಕೇಳಿಸಿತು. ಗೈತಾನನ ಒಳ್ಳೆಯ ಕಿವಿ ಆ ಕಡೆಗಿರಲಿಲ್ಲ. ಏನಂದೆ, ಏನಂದೆ, ಎಂದು ಕೈಯನ್ನು ಕಿವಿಗೆ ಇಟ್ಟ. ಬೆಂಚಿನ ಸಾಲು ಮುಂದಕ್ಕೆ ಬಾಗಿತು. ರಜೇತೊನ ಕೋಟಿನ ಗುಂಡಿಗಳು ಒಂದೊಂದಾಗಿ ಇವನ ಕಡೆ ತಿರುಗಿದವು.

‘ಏನಂದ್ರಿ, ಮಾಸ್ತ್ರೊ?’

ಇನ್ನೊಂದು ಸಲ ಹೇಳಬೇಕಾಗಿದ್ದದ್ದು ಎರಡೇ ಪದ. ಹೇಳಿದರೆ ಆಮೇಲಿನದು ಅವನಿಗೆ ಪೂರ್ತಿ ಕಾಣಿಸಿತು: ನಿನಗೆ ಹೇಗಯ್ಯ ಗೊತ್ತು, ನೀನಿದ್ದೆಯಾ ಅಲ್ಲಿ, ನಿನ್ನ ಕೈಯೇ ಸುತ್ತಿದೆಯಲ್ಲ ಹಾಯಿಯನ್ನು, ಮತ್ತೆ ಆ ನಗು, ಪ್ರೀತಿಯ ನಗು. ಯಾರೂ ನಂಬದೆ ಇರಬಹುದಿತ್ತು. ಗೈತಾನ್ ನಂಬಲೂಬಹುದಿತ್ತು. ತೊಮಾಸೀನಾ ಕಾಯುತ್ತಿದ್ದಳು, ಕೈ ಕಟ್ಟಿಕೊಂಡು, ಬಂದರಿನಲ್ಲಿ ಕಾಯುವ ಹೆಂಗಸರ ಹಾಗೆ, ಅವಸರವಿಲ್ಲದೆ.

‘ಬಣ್ಣ ಇನ್ನೂ ಹಸಿ ಇದೆ ಅಂದೆ,’ ಅವನು ಅಂದ. ದನಿ ಈಗ ಗಟ್ಟಿಯಾಗಿ, ಸ್ಪಷ್ಟವಾಗಿ, ಗುಮ್ಮಟದವರೆಗೆ ಹೋಗಿ ಬಂತು. ‘ಯಾರೂ ಮುಟ್ಟಬೇಡಿ ಅಂದೆ.’

ಗೈತಾನ್ ಬೆರಳನ್ನು ಸರ್ರನೆ ಹಿಂದಕ್ಕೆಳೆದುಕೊಂಡು, ಮೊದಲೇ ಹೇಳಬಾರದಾ ಮಾರಾಯ, ಅಂದ. ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ತೊಮಾಸೀನಾ ಒಬ್ಬಳೇ ಮುಂದೆ ಬಂದಳು. ಲಂಗಕ್ಕೆ ಬಲಗೈಯನ್ನು ಒರೆಸಿಕೊಂಡು, ಅಂಗೈಯನ್ನು ಪೂರ್ತಿ ಹರಡಿ, ಹಿಂದಿನ ಕಂಬದ ಮೇಲೆ, ಸುತ್ತಿದ ಹಾಯಿಯ ಮೇಲೆ, ಕೆಂಪು ಟೋಪಿಯ ಮೇಲೆ ಒತ್ತಿ ಹಿಡಿದಳು. ಅವಳು ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕೈ ತೆಗೆದು, ಅಣ್ಣನ ಮುಖದ ಮುಂದೆ ಹಿಡಿದು ತೋರಿಸಿದಳು. ಒಗೆದೊಗೆದು ಸುಕ್ಕಾದ ಅಂಗೈ. ಅದರಲ್ಲಿ ಒಂದು ಚುಕ್ಕೆ ಬಣ್ಣವೂ ಇರಲಿಲ್ಲ.

‘ಒಣಗಿದೆ, ಅಣ್ಣ,’ ಅಂದಳು.